ಬೆಳಗಿನ ಕಾಲು, ಮಧ್ಯಾಹ್ನದ ಕಾಲು

ನನ್ನ ಕಾಲಿಗೂ ಬಿಸಿಲಿಗೂ ಆಗಿಬರುವುದಿಲ್ಲ. ಬೆಳಗ್ಗೆ ಎದ್ದಾಗ ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗುತ್ತೇನೆ. ಕೋಲು ಇದ್ದರೆ ಬೀದಿಯ ಕೊನೆಯ ಅಂಗಡಿಯವರೆಗೂ ಹೋಗಿ ಹಾಲು ತರುತ್ತೇನೆ. ಮಧ್ಯಾಹ್ನ ಊಟದ ಹೊತ್ತಿಗೆ ಅವೇ ಕಾಲುಗಳು ಬೇರೆ ಯಾರದ್ದೋ ಆಗಿಬಿಡುತ್ತವೆ. ಆಮೇಲೆ ವೀಲ್‌ಚೇರ್. ಇಷ್ಟೇ ವಿಷಯ. ಒಬ್ಬರಿಗೆ ಒಂದು ಸಲ ಹೇಳಿದರೆ ಮುಗಿಯಬೇಕಿತ್ತು. ಆದರೆ ಇದನ್ನು ಹೇಳಿ ಹೇಳಿ ಸುಸ್ತಾದಷ್ಟು ನಾನು ಕಾಯಿಲೆಯಿಂದಲೂ ಸುಸ್ತಾಗಿಲ್ಲ.

ಕಾಯಿಲೆಯ ಹೆಸರು ಮಲ್ಟಿಪಲ್ ಸ್ಕ್ಲೆರೋಸಿಸ್. ಅದೇನು, ಯಾಕೆ ಬರುತ್ತದೆ ಎನ್ನುವುದನ್ನು ಡಾಕ್ಟರ ಹತ್ತಿರ ಕೇಳಿಕೊಳ್ಳಿ, ನನಗಿಂತ ಚೆನ್ನಾಗಿ ಹೇಳುತ್ತಾರೆ. ಈ ಹೆಸರನ್ನು ಮೊದಲ ಸಲ ಕೇಳಿಸಿಕೊಂಡು ಮನೆಗೆ ಬಂದು, ಇನ್ನು ಯಾರಿಗೆ ಏನಂತ ಹೇಳುವುದು ಎಂದು ತಲೆ ಮೇಲೆ ಕೈಹೊತ್ತು ಕುಳಿತವರು ಯಾರಾದರೂ ಇದ್ದರೆ ಅವರಿಗಾಗಿ ಬರೆಯುತ್ತಿದ್ದೇನೆ. ಕಾಯಿಲೆಯ ಜೊತೆಗೆ ಟೀವಿಯೂ ಮನೆಯೊಳಗೆ ಬಂದು ಕೂರುತ್ತದೆ ಎಂದು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ನಾನು ಹೇಳುತ್ತಿದ್ದೇನೆ.

ನಮ್ಮ ಊರು ದಾಬಸ್‌ಪೇಟೆಯ ಪಕ್ಕದಲ್ಲೇ ಇದೆ, ಮನೆಯ ಹಿತ್ತಲಿನಿಂದ ಶಿವಗಂಗೆ ಬೆಟ್ಟ ಕಾಣುತ್ತದೆ. ಗಂಡ ಶಿವಕುಮಾರ್ ಟೆಂಪೋ ಓಡಿಸುತ್ತಾರೆ. ಮಗಳು ಹರ್ಷಿತಾ ಆಗ ಐದನೇ ಕ್ಲಾಸು. ಮನೆಯ ಯಜಮಾನಿಕೆ ನನ್ನ ಅತ್ತೆ ಪುಟ್ಟತಾಯಮ್ಮನವರದ್ದು. ನಾನು ಭಾಗ್ಯ, ನನಗೆ ಇಂಡಸ್ಟ್ರಿಯಲ್ ಏರಿಯಾದ ಒಂದು ಗೋಡೌನಿನಲ್ಲಿ ಕೆಲಸ. ಸ್ಕ್ಯಾನರ್ ಹಿಡಿದು ರ‍್ಯಾಕಿನಿಂದ ರ‍್ಯಾಕಿಗೆ ನಡೆದು ಸಾಮಾನು ತೆಗೆದು ಟ್ರಾಲಿಗೆ ಹಾಕುವುದು. ಇಡೀ ದಿನ ನಡಿಗೆ. ನಡೆಯುವುದರಲ್ಲಿ ನನ್ನನ್ನು ಹಿಂದೆ ಹಾಕುವವರು ಆ ಶಿಫ್ಟಿನಲ್ಲಿ ಇರಲಿಲ್ಲ, ಇದನ್ನು ಜಂಬದಿಂದಲೇ ಹೇಳುತ್ತೇನೆ.

ಒಂದು ದಿನ ಕೆಲಸ ಮುಗಿಸಿ ವ್ಯಾನ್ ಹತ್ತುವಾಗ ಜೊತೆಯವಳೊಬ್ಬಳು, "ಅಕ್ಕ, ಒಂದ್ ಕಾಲಿನ ಚಪ್ಲಿ ಎಲ್ಲಿ?" ಅಂದಳು. ಕೆಳಗೆ ನೋಡಿದೆ. ಎಡಗಾಲು ಬರಿಗಾಲು. ಚಪ್ಪಲಿ ಹಿಂದೆ ಎಲ್ಲೋ ಕಳಚಿ ಬಿದ್ದಿತ್ತು, ನಾನು ಬಿಸಿ ಸಿಮೆಂಟಿನ ಮೇಲೆ ಅಷ್ಟು ದೂರ ನಡೆದು ಬಂದಿದ್ದೆ, ಕಾಲಿಗೆ ಗೊತ್ತೇ ಆಗಿರಲಿಲ್ಲ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಜೋಮು ಬಂತು, ಒಂದು ಕಣ್ಣು ಮಂಜಾಗಿ ಮತ್ತೆ ಸರಿಹೋಯಿತು. ನೆಲಮಂಗಲದಲ್ಲಿ ಒಬ್ಬ ಡಾಕ್ಟರು ರಕ್ತ ಕಮ್ಮಿ ಅಂದರು, ಇನ್ನೊಬ್ಬರು ಕತ್ತಿನ ಮೂಳೆ ಸವೆದಿದೆ ಅಂದರು. ಎರಡಕ್ಕೂ ಮಾತ್ರೆ ನುಂಗಿದೆ.

ಯುಗಾದಿ ಬಂತು. ಹಬ್ಬದ ಎಣ್ಣೆಸ್ನಾನ ಅಂದರೆ ನಮ್ಮ ಅತ್ತೆಗೆ ಪ್ರಾಣ. ಬೆಳಗಿನ ಜಾವವೇ ಹಂಡೆಗೆ ಉರಿ ಹಾಕಿ, ಮನೆಯವರನ್ನೆಲ್ಲ ಸಾಲಾಗಿ ಕೂರಿಸಿ, ಕೈಯಾರೆ ಎಣ್ಣೆ ತಿಕ್ಕಿ, ಮೈ ಕೆಂಪಗಾಗುವಂಥ ನೀರು ಹೊಯ್ಯುತ್ತಾರೆ. ಆ ವರ್ಷ ನನಗೆ ಇನ್ನೂ ಎರಡು ತಂಬಿಗೆ ಹೆಚ್ಚಿಗೆ. "ಕಾಲು ಜೋಮು ಅಂತಿದ್ದೆಯಲ್ಲ, ಬಿಸ್ನೀರು ಬಿದ್ರೆ ಎಲ್ಲ ಬಿಟ್ಕೊತದೆ ಕುಂತ್ಕೊ" ಅಂದರು. ನೀರು ಬಿದ್ದಂತೆಲ್ಲ ಹಿತವಾಗಿಯೇ ಇತ್ತು. ಸ್ನಾನ ಮುಗಿದು ಏಳಲು ಹೋದೆ, ಸೊಂಟದಿಂದ ಕೆಳಗೆ ಏನೂ ಇಲ್ಲ. ಗಂಡನೂ ಅತ್ತೆಯೂ ಸೀರೆ ಸುತ್ತಿ ಎತ್ತಿಕೊಂಡು ಬಂದು ನಡುಮನೆಯಲ್ಲಿ ಮಲಗಿಸಿದರು. ಮಗಳು ಬೇವು-ಬೆಲ್ಲದ ತಟ್ಟೆ ಹಿಡಿದುಕೊಂಡು ಅಳುತ್ತಾ ನಿಂತಿತ್ತು. ಇವರು ಟೆಂಪೋ ಸ್ಟಾರ್ಟ್ ಮಾಡಿ, ಹಿಂದೆ ಹಾಸಿಗೆ ಹಾಕಿ, ಅವರಿವರಿಗೆ ಫೋನ್ ಮಾಡಿ ಮುಗಿಸುವಷ್ಟರಲ್ಲಿ ಮೈ ಆರಿತ್ತು. ನಾನು ಎದ್ದು ಕುಳಿತೆ. ಮೆಲ್ಲಗೆ ನಿಂತೆ. ನಡೆದೆ.

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಇದೇನೇ, ಎದ್ದೇಬಿಟ್ಟೆ?" ಅಂದರು. ಸಂತೋಷದ ಮಾತೇ ಅದು. ಆದರೆ ಅದರೊಳಗೆ ಒಂದು ಸಣ್ಣ ಅನುಮಾನ ಅವತ್ತೇ ಮೊಳಕೆ ಒಡೆದಿತ್ತು.

ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಅಲೆದಾಟ ಶುರುವಾಯಿತು. ಹೊರಗೆ ಶೀಟು ಹೊದಿಸಿದ ಜಾಗದಲ್ಲಿ ಬೆಂಚುಗಳು, ಬೆಂಚು ಸಿಗದವರು ನೆಲದ ಮೇಲೆ. ಟಿಫನ್ ಬಾಕ್ಸು, ಎಕ್ಸ್‌ರೇ ಕವರು, ಮೂಲೆಯಲ್ಲಿ ಯಾರದ್ದೋ ಅಳು. ಎಂ.ಆರ್.ಐ. ಮಾಡಿಸಲು ಕಾಯುತ್ತಿದ್ದಾಗ ಗುರುತಿಲ್ಲದ ಒಬ್ಬ ಹೆಂಗಸು ನನ್ನ ಕೈಬಳೆ, ಓಲೆ, ತಾಳಿ ಎಲ್ಲ ಬಿಚ್ಚಿಸಿ ತನ್ನ ಸೆರಗಿನ ತುದಿಗೆ ಗಂಟು ಹಾಕಿಕೊಂಡು, "ಹೋಗ್ಬಾ ತಾಯಿ, ನಾನಿಲ್ಲೇ ಕೂತಿರ್ತೀನಿ" ಅಂದಳು. ಇವರು ಗಾಡಿ ನಿಲ್ಲಿಸಲು ಜಾಗ ಹುಡುಕಿಕೊಂಡು ಹೋಗಿದ್ದರು. ಒಳಗೆ ಆ ಕೊಳವೆಯಲ್ಲಿ ಮಲಗಿ, ಅಷ್ಟು ಸದ್ದಿನ ನಡುವೆ, ನನಗೆ ತಾಳಿಯ ಚಿಂತೆ ಬರಲೇ ಇಲ್ಲ. ಹೊರಗೆ ಬಂದಾಗ ಅವಳು ಅಲ್ಲೇ ಕುಳಿತಿದ್ದಳು. ಹೆಸರು ಕೇಳುವುದೂ ಮರೆತೆ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಿಧಾನವಾಗಿ ಹೇಳಿದರು. ಇವರು ಕೇಳಿದ್ದು ಒಂದೇ ಪ್ರಶ್ನೆ: "ವೈರಿನ ಮೇಲಿನ ರಬ್ಬರು ಸುಲಿದುಹೋದಂಗಾ ಮೇಡಂ?" ಆಕೆಗೆ ನಗು ಬಂತು. "ಹಂಗೇ ಅಂದ್ಕೊಳಿ. ಮೈ ಬಿಸಿಯಾದ್ರೆ ಕರೆಂಟ್ ಸರಿಯಾಗಿ ಹೋಗಲ್ಲ. ತಣ್ಣಗಾದ್ರೆ ಸ್ವಲ್ಪ ಹೋಗುತ್ತೆ." ಪೂರ್ತಿ ವಾಸಿಯಾಗುವ ಕಾಯಿಲೆಯಲ್ಲ, ಹೆಚ್ಚಾಗದಂತೆ ತಡೆಯಬಹುದು ಎಂದರು. ಕೆಲವು ದಿನ ಅಲ್ಲೇ ಮಲಗಿಸಿ ಸ್ಟಿರಾಯ್ಡ್ ಹಾಕಿದರು, ಆಮೇಲೆ ಆಗಾಗ ಬಂದು ಡ್ರಿಪ್ ಹಾಕಿಸಿಕೊಂಡು ಹೋಗಬೇಕೆಂದರು. ವಾಪಸ್ ಬರುವಾಗ ನೆಲಮಂಗಲ ದಾಟಿದ ಮೇಲೆ ಇವರು ಗಾಡಿ ಪಕ್ಕಕ್ಕೆ ಹಾಕಿ ಅತ್ತರು. ನನಗೆ ಅಳು ಬರಲಿಲ್ಲ, ನಿದ್ದೆ ಬರುತ್ತಿತ್ತು. ಈ ಕಾಯಿಲೆಯ ಸುಸ್ತು ಎಂಥದ್ದೆಂದರೆ ದುಃಖಕ್ಕೂ ಪುರಸೊತ್ತು ಕೊಡುವುದಿಲ್ಲ.

ಮನೆಯಲ್ಲಿ ಅತ್ತೆ ಕೇಳಿದ್ದು, "ಯಾವಾಗ ವಾಸಿ ಆಗ್ತದಂತೆ?" ಎಂದು.

"ವಾಸಿ ಆಗಲ್ವಂತೆ ಅತ್ತೆ. ಹಿಂಗೇ ನೋಡ್ಕೊಂಡು ಹೋಗ್ಬೇಕಂತೆ."

"ಡಾಕ್ಟ್ರುಗಳು ಹಂಗೇ ಅಂತಾರೆ. ಟೀವಿಯಲ್ಲೂ ಮೊದ್ಲು ಹಂಗೇ ಅನ್ನೋದು."

ಅತ್ತೆಯ ಟೀವಿಯ ಬಗ್ಗೆ ಹೇಳಬೇಕು. ಸಂಜೆ ದೀಪ ಹಚ್ಚಿದ ಮೇಲೆ ಊಟದವರೆಗೂ ಸೀರಿಯಲ್ಲು, ಭಾನುವಾರ ಮಧ್ಯಾಹ್ನ ಸಿನಿಮಾ. ನಾನೂ ಅವನ್ನೇ ನೋಡಿಕೊಂಡು ಬಂದವಳು. ಆದರೆ ಅವುಗಳಲ್ಲಿ ಕೈಕಾಲು ಸ್ವಾಧೀನವಿಲ್ಲದವರು, ಕಣ್ಣಿಲ್ಲದವರು ಏನು ಮಾಡುತ್ತಾರೆ ಎಂದು ಗಮನವಿಟ್ಟು ನೋಡಿದ್ದು ನಾನೇ ಗಾಡಿಯ ಮೇಲೆ, ಅಂದರೆ ವೀಲ್‌ಚೇರಿನಲ್ಲಿ, ಕುಳಿತ ಮೇಲೆ. ಕಣ್ಣಿಲ್ಲದವನು ಹಾಡುತ್ತಾನೆ. ತೊದಲುವವನು ನಗಿಸುತ್ತಾನೆ. ಕುಂಟುವವನು ಆಸ್ತಿಗಾಗಿ ಅಣ್ಣನಿಗೆ ವಿಷ ಹಾಕುತ್ತಾನೆ. ವೀಲ್‌ಚೇರಿನ ತಾಯಿಗೆ ಮನೆಯ ಗುಟ್ಟೆಲ್ಲ ಗೊತ್ತು, ಬಾಯಿ ಬರದು, ಕಣ್ಣಲ್ಲಿ ನೀರು ಸುರಿಸುತ್ತಾಳೆ. ಇನ್ನೊಬ್ಬಳು ಇರುತ್ತಾಳೆ, ಎಲ್ಲರೆದುರು ಗಾಡಿಯಲ್ಲಿ, ರೂಮಿನ ಬಾಗಿಲು ಹಾಕಿದ ತಕ್ಷಣ ಎದ್ದು ನಿಂತು ಕಿಸಕ್ಕನೆ ನಗುವವಳು. ಕೊನೆಗೆ ಎಲ್ಲರಿಗೂ ಎರಡೇ ದಾರಿ, ಎದ್ದು ನಿಲ್ಲಬೇಕು ಇಲ್ಲವೇ ಸಾಯಬೇಕು. ಕೂತುಕೊಂಡೇ ಬದುಕಿ, ಬೆಳಗ್ಗೆ ಕೆಲಸಕ್ಕೆ ಹೋಗಿ, ಸಂಜೆ ಸೊಪ್ಪು ಸೋಸುವವರನ್ನು ನಾನು ಒಬ್ಬರನ್ನೂ ನೋಡಲಿಲ್ಲ. ಅವರಲ್ಲಿ ಯಾರೂ ಬಚ್ಚಲಿಗೂ ಹೋಗುವುದಿಲ್ಲ.

ಬಚ್ಚಲಿನ ಮಾತನ್ನು ನಾಚಿಕೆ ಬಿಟ್ಟು ಹೇಳಿದ್ದೇನೆ, ಯಾಕೆಂದರೆ ನನ್ನ ಬದುಕು ಆಗ ನಿಂತಿದ್ದೇ ಅದರ ಮೇಲೆ. ಇವರು ಬೆಳಗ್ಗೆ ಟೆಂಪೋ ಹತ್ತಿದರೆ ಬರುವುದು ಕತ್ತಲಾದ ಮೇಲೆ. ಮಗಳು ಸ್ಕೂಲಿಗೆ. ನಾನು ಗೋಡೌನಿಗೆ ಹೋಗುವುದು ನಿಂತಿತ್ತು. ಇಡೀ ದಿನ ಮನೆಯಲ್ಲಿ ನಾನು ಮತ್ತು ಅತ್ತೆ. ಮಧ್ಯಾಹ್ನದ ಮೇಲೆ ನಾನು "ಅತ್ತೆ" ಎಂದು ಕರೆದರೆ ಅವರು ಬರಬೇಕು. ಬರಬೇಕಾದರೆ ನಂಬಬೇಕು. ಈಗ ನನಗೆ ಆಗುವುದಿಲ್ಲ ಎಂದು ನಾನು ಹೇಳಿದ್ದನ್ನು ಮರುಪ್ರಶ್ನೆಯಿಲ್ಲದೆ ನಂಬಬೇಕು. ನನಗೆ ಬೇಕಾಗಿದ್ದುದು ಅಷ್ಟೇ, ಸಿಗದೆ ಇದ್ದುದೂ ಅದೇ.

"ಬೆಳಗ್ಗೆ ಹೋದ್ಯಲ್ಲ, ನೀನೇ?" ಎಂದು ಅಡುಗೆಮನೆಯಿಂದಲೇ ಕೇಳುತ್ತಿದ್ದರು. "ಸ್ವಲ್ಪ ಮನಸ್ಸು ಮಾಡು ಮಗಾ. ಮನಸ್ಸು ಮಾಡಿದ್ರೆ ಆಗ್ತದೆ." ಸಿಡುಕಿನಿಂದಲ್ಲ, ನನಗೆ ಒಳ್ಳೆಯದಾಗಲಿ ಎಂದೇ. ಅದಕ್ಕೇ ಜಗಳ ಆಡಲೂ ಆಗುತ್ತಿರಲಿಲ್ಲ. ಕೆಟ್ಟವರಾಗಿದ್ದರೆ ಬಾಯಿ ಮಾಡಬಹುದಿತ್ತು.

ಆ ಬೇಸಿಗೆಯಲ್ಲಿ ಅತ್ತೆ ನೋಡುತ್ತಿದ್ದ ಸೀರಿಯಲ್ಲಿನಲ್ಲಿ ಒಬ್ಬ ಸೊಸೆ ತಿಂಗಳಾನುಗಟ್ಟಲೆ ಗಾಡಿಯಲ್ಲಿದ್ದಳು. ಒಂದು ಸಂಜೆ ಅವಳ ಮಗು ಆಡುತ್ತಾ ಲಾರಿಗೆ ಅಡ್ಡ ಹೋಯಿತು. ಸೊಸೆ ಗಾಡಿಯಿಂದ ಜಿಗಿದೆದ್ದು ಓಡಿದಳು. ಸೀರೆಯ ಮಡಿಕೆ ಕೂಡ ಕೆಡಲಿಲ್ಲ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಕೈಮುಗಿದರು, ಆಮೇಲೆ ತುಂಬ ಹೊತ್ತು ನನ್ನ ಕಾಲನ್ನೇ ನೋಡುತ್ತಾ ಕುಳಿತರು. ನಾನು ಎಚ್ಚರವಾಗಿರಬೇಕಿತ್ತು.

ಮುಂದಿನ ಭಾನುವಾರ ಮಧ್ಯಾಹ್ನ, ಶೀಟು ಕಾದು ಮನೆಯೊಳಗೆ ಧಗೆ. ನಾನು ಗಾಡಿಯಲ್ಲಿ ಕುಳಿತು ತೂಕಡಿಸುತ್ತಿದ್ದೆ. ಹಿತ್ತಲಿನಿಂದ ಅತ್ತೆಯ ಚೀರಾಟ ಕೇಳಿಸಿತು.

"ಅಯ್ಯಯ್ಯೋ ಭಾಗ್ಯಾ! ಮಗ ಸಂಪಿಗೆ ಬಿದ್ಬಿಡ್ತು! ಬಾರೇ! ಮಗ ಸಂಪಿಗೆ ಬಿತ್ತು!"

ಹಿತ್ತಲಿನ ನೆಲದಲ್ಲಿರುವ ನಮ್ಮ ನೀರಿನ ಸಂಪಿನ ಮುಚ್ಚಳ ಸರಿಯಿರಲಿಲ್ಲ. ಅವತ್ತು ಬೆಳಗ್ಗೆ ನೀರು ಬಿಟ್ಟಿದ್ದರು, ಸಂಪು ತುಂಬಿತ್ತು. ಇದೆಲ್ಲ ಒಂದೇ ಏಟಿಗೆ ತಲೆಗೆ ಬಂತು. ನಾನು ಎದ್ದೆ. ಹೇಗೆ ಎದ್ದೆನೋ ಗೊತ್ತಿಲ್ಲ, ಬಾಗಿಲ ಚೌಕಟ್ಟನ್ನು ಹಿಡಿದು ಮೈಯನ್ನು ಎಳೆದುಕೊಂಡೆ. ಎರಡು ಹೆಜ್ಜೆ ಇಟ್ಟೆ. ಮೂರನೆಯದಕ್ಕೆ ಕಾಲು ಮಡಚಿಕೊಂಡಿತು, ಹಿತ್ತಲ ಬಾಗಿಲಿನ ಹೊಸ್ತಿಲ ಮೇಲೆ ಬಲಗೈ ಊರಿಕೊಂಡು ಬಿದ್ದೆ. ಮಣಿಕಟ್ಟಿನಲ್ಲಿ ಲಟಕ್ಕೆಂದದ್ದು ಕೇಳಿಸಿತು. ತೆವಳಿಕೊಂಡೇ ಮಗಳ ಹೆಸರು ಕೂಗಿದೆ.

ಬಾಗಿಲ ಮರೆಯಿಂದ ಅತ್ತೆ ಹೊರಗೆ ಬಂದರು. ಕಣ್ಣ ತುಂಬ ನೀರು, ಮುಖದ ತುಂಬ ನಗು.

"ಎದ್ದೆ ಕಣೇ! ಎದ್ದು ನಡ್ದೆ! ನನ್ ಕಣ್ಣಾರೆ ನೋಡ್ದೆ ಭಾಗ್ಯಾ, ಎರಡ್ ಹೆಜ್ಜೆ ಇಟ್ಟೆ!"

"ಮಗು ಎಲ್ಲಿ ಅತ್ತೆ?"

"ಮಗೀಗೇನಾಗಿದೆ? ಪಕ್ಕದ್ ಬೀದಿ ಸುಮಿ ಮನೇಲಿ ಆಡ್ಕೊಂಡವ್ಳೆ. ನಾನೇ ಕಳ್ಸಿದ್ದು. ಅದ್ ಬಿಡು, ನೀನ್ ಎದ್ದೆಯಲ್ಲೇ!"

ಮಗಳು ಬದುಕಿದ್ದಾಳೆ ಎಂಬ ನೆಮ್ಮದಿ, ಕೈಯ ನೋವು, ಅತ್ತೆಯ ಮೇಲಿನ ಸಿಟ್ಟು ಮೂರೂ ಒಟ್ಟಿಗೆ ಬಂದವು. ಹೊಸ್ತಿಲ ಮೇಲೆ ತಲೆಯಿಟ್ಟು ಮಲಗಿದೆ. ಅತ್ತೆ ನನ್ನ ಬೆನ್ನು ಸವರುತ್ತಾ ದೇವರನ್ನು ನೆನೆಯುತ್ತಿದ್ದರು.

ಕೈಗೆ ಸಿಮೆಂಟು ಪಟ್ಟಿ ಬಿತ್ತು. ಇವರು ಅಮ್ಮನ ಮೇಲೆ ಕೂಗಾಡಿದರು, ಆಮೇಲೆ ನನ್ನ ಪಕ್ಕದಲ್ಲಿ ಕುಳಿತು, "ಅಮ್ಮ ಒಳ್ಳೇದಕ್ಕೇ ಮಾಡಿದ್ದು ಕಣೆ" ಅಂದರು. ಒಳ್ಳೆಯದಕ್ಕೇ ಎಂಬುದು ನನಗೂ ಗೊತ್ತಿತ್ತು. ಕಷ್ಟ ಇದ್ದದ್ದೇ ಅಲ್ಲಿ. ಕೈ ಮುರಿದದ್ದಕ್ಕಿಂತ ದೊಡ್ಡ ಪೆಟ್ಟು ಆ ಎರಡು ಹೆಜ್ಜೆ. ಅತ್ತೆ ಬೀದಿಗೆಲ್ಲ ಹೇಳಿಕೊಂಡು ಬಂದರು. ಜನ ನೋಡಲು ಬಂದರು, ಬಾಳೆಹಣ್ಣು ತಂದರು. "ಮಗೂಗೋಸ್ಕರ ಎದ್ದಳಂತಲ್ಲ, ತಾಯಿ ಕರುಳು ನೋಡಿ" ಎಂದು ಒಬ್ಬರು. "ಹಂಗಾದ್ರೆ ಏಳಬೌದು, ಏಳ್ತಿಲ್ಲ ಅಷ್ಟೇ" ಎಂದು ಇನ್ನೊಬ್ಬರು, ಬಾಗಿಲು ದಾಟಿದ ಮೇಲೆ, ನನಗೆ ಕೇಳಿಸುವಷ್ಟು ಮೆಲ್ಲಗೆ. ಎರಡು ಹೆಜ್ಜೆ ನಾನು ದಿನಾ ಇಡುತ್ತೇನೆ, ಬೆಳಗ್ಗೆ ಇನ್ನೂರು ಇಡುತ್ತೇನೆ ಎಂದರೆ ಯಾರಿಗೂ ಬೇಡ. ಅವರಿಗೆ ಬೇಕಾದ ಎರಡು ಹೆಜ್ಜೆ ಬೇರೆಯದು.

ಈಗ ಕೋಲು ಹಿಡಿಯಲು ಕೈಯಿಲ್ಲ, ಗಾಡಿಯ ಚಕ್ರ ತಿರುಗಿಸಲೂ ಆಗದು. ಪೂರ್ತಿ ಅತ್ತೆಯ ಕೈಯಲ್ಲಿ ಬಿದ್ದೆ, ಅತ್ತೆಗೆ ಈಗ ಸಾಕ್ಷಿ ಸಿಕ್ಕಿತ್ತು. ಕರೆದರೆ, "ಬಂದೆ, ಅಷ್ಟ್ರಲ್ಲಿ ಒಂದ್ ಹೆಜ್ಜೆ ಪ್ರಯತ್ನ ಮಾಡ್ತಿರು" ಎನ್ನುತ್ತಿದ್ದರು. ಒಂದೆರಡು ಸಲ ತಡವಾಯಿತು. ಸೀರೆ ಬದಲಾಯಿಸಬೇಕಾಯಿತು. ಮಗಳು ಸ್ಕೂಲಿಂದ ಬಂದು ಬಕೆಟ್ಟಿನಲ್ಲಿ ನೆನೆಸಿಟ್ಟ ಸೀರೆ ನೋಡಿ ತಾನೇ ಒಗೆದು ಹಾಕಿತು. ಅವತ್ತು ಅತ್ತೆ ಅನ್ನ ಕಲಸಿ ತಂದರೆ ನಾನು ಬಾಯಿ ತೆರೆಯಲಿಲ್ಲ. ಅವರು ತಟ್ಟೆ ಹಿಡಿದುಕೊಂಡು ಎದುರಿಗೆ ಕುಳಿತಿದ್ದರು. ಹಸಿವಿಗೆ ಸೋತು ಕೊನೆಗೆ ನಾನೇ ಬಾಯಿ ತೆರೆದೆ.

ಡ್ರಿಪ್ಪಿನ ದಿನ ಬಂತು. ಇವರಿಗೆ ಹೊಸೂರಿಗೆ ಲೋಡು. ನಮ್ಮಿಬ್ಬರನ್ನು ಆಸ್ಪತ್ರೆಯಲ್ಲಿ ಇಳಿಸಿ ಹೋದರು. ಅತ್ತೆ ಅಲ್ಲಿಗೆ ಬಂದದ್ದು ಅದೇ ಮೊದಲು. ಶೀಟಿನ ಕೆಳಗೆ ನನ್ನ ಗಾಡಿಯ ಪಕ್ಕ ಬೆಂಚಿನ ಮೇಲೆ ಕುಳಿತು, ಸೀರಿಯಲ್ಲು ನೋಡುವ ಹಾಗೇ ಸುತ್ತ ನೋಡುತ್ತಿದ್ದರು. ನಮ್ಮ ಎದುರಿಗೆ ಹೊಸಕೋಟೆ ಕಡೆಯ ಗಂಡ ಹೆಂಡತಿ. ಆತ ವೀಲ್‌ಚೇರಿನಲ್ಲಿ, ಬಟ್ಟೆ ಅಂಗಡಿಯವರಂತೆ. ಹೆಂಡತಿಯ ಹೆಸರು ಫರೀದಾ ಎಂದು ಅತ್ತೆ ಕುಳಿತ ಸ್ವಲ್ಪ ಹೊತ್ತಿಗೇ ಪತ್ತೆ ಮಾಡಿದರು.

ಆತ ಇದ್ದಕ್ಕಿದ್ದಂತೆ ಗಾಡಿಯಿಂದ ಎದ್ದು, ಕೋಲು ಹಿಡಿದು, ನಿಧಾನವಾಗಿ ಶೌಚಾಲಯದ ಕಡೆ ನಡೆದುಹೋದರು. ಅತ್ತೆ ನನ್ನ ತೋಳನ್ನು ಬಿಗಿಯಾಗಿ ಹಿಡಿದುಕೊಂಡರು.

"ಅಯ್ಯೋ! ನಿಮ್ ಯಜಮಾನ್ರು ನಡೀತಾರೆ!"

"ಹೂಂ ಅಮ್ಮಾ, ಬೆಳಗ್ಗೆ ನಡೀತಾರೆ" ಅಂದರು ಫರೀದಾ, ಫೋನಿನಿಂದ ತಲೆಯೆತ್ತದೆ. "ಬಿಸ್ಲು ಏರಿದ್ಮೇಲೆ ಕೇಳ್ಬೇಡಿ."

"ಮತ್ತೆ ಗಾಡಿ ಯಾಕೆ?"

"ವಾಪಸ್ ಬರೋಕೆ."

ಸ್ವಲ್ಪ ಹೊತ್ತಿಗೆ ಫರೀದಾ ಎದ್ದು ಖಾಲಿ ಗಾಡಿಯನ್ನು ತಳ್ಳಿಕೊಂಡು ಹೋದರು. ಆತ ಬಾಗಿಲ ಹೊರಗೆ ಗೋಡೆಗೆ ಒರಗಿ ನಿಂತಿದ್ದರು, ಗಾಡಿ ಬಂದ ತಕ್ಷಣ ಕುಳಿತರು. ಯಾರೂ ಕೂಗಲಿಲ್ಲ, ಯಾರೂ ಅಳಲಿಲ್ಲ. ಇಬ್ಬರೂ ಮಧ್ಯಾಹ್ನದ ಊಟಕ್ಕೆ ಎಲ್ಲಿಗೆ ಹೋಗುವುದು ಎಂದು ಮಾತಾಡಿಕೊಂಡು ವಾಪಸ್ ಬಂದರು.

"ಇವ್ಳೂ ಹಂಗೇ ಅಂತಾಳೆ" ಅಂದರು ಅತ್ತೆ, ನಾನು ಅಲ್ಲಿ ಇಲ್ಲವೇನೋ ಎಂಬಂತೆ. "ಬೆಳಗ್ಗೆ ಆಗ್ತದೆ, ಮಧ್ಯಾಹ್ನ ಆಗಲ್ಲ ಅಂತ."

"ಆಗಲ್ಲ ಅಮ್ಮಾ. ಬಿಸಿನೀರು ಹಾಕಿದ್ರೂ ಆಗಲ್ಲ. ನಮ್ಮ ಮದುವೆಯಾದ ಹೊಸದ್ರಲ್ಲಿ ಗೊತ್ತಿರ್ಲಿಲ್ಲ ನೋಡಿ, ಚಳಿ ಅಂತ ಬಕೆಟ್ ತುಂಬ ಬಿಸಿನೀರು ಕಾಯಿಸಿಟ್ಟಿದ್ದೆ. ಬಾತ್‌ರೂಮಲ್ಲೇ ಕೂತ್ಬಿಟ್ರು. ಈಗ ತಣ್ಣೀರಲ್ಲಿ ಟವಲ್ ಅದ್ದಿ ಕತ್ತಿಗೆ ಹಾಕ್ತೀನಿ, ಸ್ವಲ್ಪ ತಡೆಯುತ್ತೆ."

"ಬಿಸ್ನೀರಾ?" ಅಂದರು ಅತ್ತೆ. ಆಮೇಲೆ ಇನ್ನೊಂದು ಸಲ, ತಮಗೆ ತಾವೇ, "ಬಿಸ್ನೀರು" ಅಂದರು.

ನಾನು ಅಷ್ಟು ದಿನದಿಂದ ಹೇಳಿದ್ದು, ಡಾಕ್ಟರು ಹೇಳಿ ಕಳಿಸಿದ್ದು, ಮಗ ವೈರು ರಬ್ಬರು ಎಂದು ವಿವರಿಸಿದ್ದು ಯಾವುದೂ ಅತ್ತೆಯ ಕಿವಿಗೆ ಇಳಿದಿರಲಿಲ್ಲ. ಆರೈಕೆ ಮಾಡಿ ಸುಸ್ತಾದ ಇನ್ನೊಬ್ಬ ಹೆಂಗಸು ಫೋನು ನೋಡುತ್ತಾ ಹೇಳಿದ ಎರಡು ಮಾತು ಇಳಿಯಿತು. ಸಂತೋಷಪಡಬೇಕೋ ಬೇಜಾರು ಮಾಡಿಕೊಳ್ಳಬೇಕೋ ತಿಳಿಯದೆ ನಾನು ಸೂಜಿ ಚುಚ್ಚಿದ ಕೈಯನ್ನು ನೋಡುತ್ತಾ ಮಲಗಿದ್ದೆ.

ಮಾರನೇ ದಿನ ಮಧ್ಯಾಹ್ನ ಅತ್ತೆ ಒದ್ದೆ ಟವಲ್ ತಂದು ನನ್ನ ಕತ್ತಿಗೆ ಸುತ್ತಿದರು. ಸಂಪಿನ ವಿಷಯ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಆದರೆ ನಾನು ಕರೆದಾಗ ಕೈಯಲ್ಲಿದ್ದ ಸೌಟು ಹಿಡಿದುಕೊಂಡೇ ಬಂದರು. ನಂಬಿ ಬಂದರೋ, ಇವಳ ಕಾಟ ತಪ್ಪಲಿ ಎಂದು ಬಂದರೋ ನನಗೆ ತಿಳಿಯಲಿಲ್ಲ. ತಿಳಿಯುವವರೆಗೂ ನೆಮ್ಮದಿಯೂ ಇರಲಿಲ್ಲ.

ಕೈ ಕೂಡಿದ ಮೇಲೆ ಮತ್ತೆ ಕೆಲಸಕ್ಕೆ ಹೋದೆ. ನಡೆಯುವ ಕೆಲಸ ಆಗದು ಎಂದಾಗ ಸೂಪರ್‌ವೈಸರ್ ಮೇಡಂ ಯೋಚಿಸಿ, ಗಿರಾಕಿಗಳು ಬೇಡವೆಂದು ವಾಪಸ್ ಕಳಿಸಿದ ಪಾರ್ಸೆಲ್ ಬಿಚ್ಚಿ ನೋಡುವ ಟೇಬಲ್ ಕೊಟ್ಟರು. ಬೆಳಗಿನ ಶಿಫ್ಟು, ಫ್ಯಾನಿನ ಕೆಳಗೆ. ಬೆಳಗ್ಗೆ ಕೋಲು ಹಿಡಿದು ಗೇಟು ದಾಟುತ್ತೇನೆ, ಬಿಡುವ ಹೊತ್ತಿಗೆ ಒಳಗೆ ಮಡಚಿಟ್ಟಿರುವ ಗಾಡಿಯಲ್ಲಿ ಹೊರಗೆ ಬರುತ್ತೇನೆ. "ಬೆಳಗ್ಗೆ ನಡ್ಕೊಂಡ್ ಬಂದೋಳು ಈಗ ಗಾಡೀಲಿ ಹೋಗ್ತಾವ್ಳೆ ನೋಡು ಗುರು" ಎಂದು ಗೇಟಿನಲ್ಲಿ ಯಾರೋ ಅಂದದ್ದು ಕಿವಿಗೆ ಬಿದ್ದಿದೆ. ಬಾಗಿಲು ಹಾಕಿಕೊಂಡು ಕಿಸಕ್ಕನೆ ನಗುವವಳನ್ನು ಅವರೂ ಟೀವಿಯಲ್ಲಿ ನೋಡಿರುತ್ತಾರೆ. ನಿಂತು ತಿಳಿಸಿ ಹೇಳಲು ನನಗೆ ನಿಲ್ಲುವ ಶಕ್ತಿಯೂ ಇರುವುದಿಲ್ಲ ಆ ಹೊತ್ತಿನಲ್ಲಿ.

ಹೀಗೇ ಗೇಟಿನಲ್ಲಿ ನನ್ನನ್ನು ನೋಡಿದವನು ಮಧು. ಪಕ್ಕದ ಹಳ್ಳಿಯವನು, ಮದುವೆಗಳಿಗೆ ವಿಡಿಯೋ ಮಾಡುತ್ತಾನೆ, ಫೋನಿನಲ್ಲಿ ತನ್ನದೇ ಒಂದು ಚಾನೆಲ್ ಇಟ್ಟುಕೊಂಡಿದ್ದಾನೆ. "ಅಕ್ಕ, ನಿಮ್ ಸ್ಟೋರಿ ಜನಕ್ಕೆ ಮುಟ್ಟಬೇಕು" ಎಂದು ದುಂಬಾಲು ಬಿದ್ದ. ನನಗೂ ಆಸೆಯಾಯಿತು. ಒಂದೇ ಸಲ ಎಲ್ಲರಿಗೂ ಹೇಳಿಬಿಟ್ಟರೆ ದಿನಾ ಹೇಳುವ ಕಷ್ಟ ತಪ್ಪುತ್ತದಲ್ಲ ಎಂದುಕೊಂಡೆ. ಬೆಳಗ್ಗೆ ಬಾ ಎಂದಿದ್ದೆ, ಅವನು ಬಂದದ್ದು ಭಾನುವಾರ ನಡುಮಧ್ಯಾಹ್ನ. ಇವರು ಬಾಡಿಗೆಗೆ ಹೋಗಿದ್ದರು.

ಬಂದವನೇ ಗಾಡಿಯನ್ನು ನೋಡಿ ಮುಖ ಸಣ್ಣ ಮಾಡಿದ. "ಇದು ಸ್ವಲ್ಪ ಹೊಸದಾಗಿ ಕಾಣ್ತದೆ ಅಕ್ಕ. ಕೆಳಗೆ ಚಾಪೆ ಮೇಲೆ ಕೂತ್ಕೊಂಡ್ರೆ ಫೀಲ್ ಬರುತ್ತೆ."

"ಕೆಳಗೆ ಕೂತ್ರೆ ಏಳೋಕಾಗಲ್ಲ ಕಣಪ್ಪ."

"ಅದೇ ಅಕ್ಕ, ಅದೇ ಬೇಕಾಗಿರೋದು."

ನಾನು ಕೆಳಗೆ ಕೂರಲಿಲ್ಲ. ಗಾಡಿಯಲ್ಲೇ ಕುಳಿತು ಮಾತಾಡಿದೆ. ಬಿಸಿಲಿನ ವಿಷಯ ಹೇಳಿದೆ, ಚಪ್ಪಲಿ ಕಳಚಿದ್ದು ಹೇಳಿದೆ, ತಾಳಿಯನ್ನು ಸೆರಗಿಗೆ ಗಂಟು ಹಾಕಿಕೊಂಡ ಹೆಂಗಸಿನ ವಿಷಯ ಹೇಳಿದೆ. ಪಾರ್ಸೆಲ್ ಟೇಬಲಿನ ಮಾತು ಬಂದಾಗ ಅವನು ಕೈಯೆತ್ತಿದ. "ಕೆಲಸದ ವಿಷಯ ಬೇಡ ಅಕ್ಕ. ಸಂಬಳ ಬರ್ತದೆ ಅಂದ್ರೆ ಜನಕ್ಕೆ ಕನೆಕ್ಟ್ ಆಗಲ್ಲ." ಆಮೇಲೆ ಮನೆಯನ್ನೆಲ್ಲ ಒಂದು ಸುತ್ತು ನೋಡಿ, ಅತ್ತೆಯ ಕಡೆ ತಿರುಗಿದ.

"ಅಜ್ಜಿ, ನೀವೊಂದ್ ಹೆಲ್ಪ್ ಮಾಡಿ. ಬಿಂದಿಗೆ ಹಿಡ್ಕೊಂಡು ಹಿತ್ತಲಿಂದ ಬನ್ನಿ, ಹೊಸ್ತಿಲ ಹತ್ರ ಜಾರಿ ಬಿದ್ದಂಗೆ ಮಾಡಿ. ಭಾಗ್ಯಾ ಅಂತ ಜೋರಾಗಿ ಕೂಗಿ. ಅಕ್ಕ ಗಾಬರಿಯಾಗಿ ಎದ್ದು ಬರ್ತಾರೆ. ಎರಡೇ ಹೆಜ್ಜೆ ಸಾಕು, ಮಿಕ್ಕಿದ್ದು ಎಡಿಟಿಂಗಲ್ಲಿ ನೋಡ್ಕೋತೀನಿ."

ನಾನು ಅತ್ತೆಯ ಮುಖ ನೋಡಿದೆ. ಅವರ ಕಣ್ಣು ಆ ಹೊಸ್ತಿಲ ಮೇಲೆ ಇತ್ತು. ಒಂದು ವರ್ಷದ ಹಿಂದೆ ಇದೇ ದೃಶ್ಯಕ್ಕೆ ಕೈಮುಗಿದವರು ಅವರು. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಅವರು ಹೋಗಿ ಬಿಂದಿಗೆ ತಂದರೆ, ಇಷ್ಟು ದಿನ ಸೌಟು ಹಿಡಿದುಕೊಂಡು ಓಡಿ ಬಂದದ್ದೆಲ್ಲ ಸುಳ್ಳಾಗುತ್ತಿತ್ತು.

"ಬೆಳಗ್ಗೆ ಬಂದಿದ್ರೆ ನಡೀತಿದ್ಲು ಕಣಪ್ಪ" ಅಂದರು ಅತ್ತೆ. "ಈಗ ಬಿಸ್ಲು."

"ಅಯ್ಯೋ ಅಜ್ಜಿ, ನೀವು ಕೂಗಿದ್ರೆ ಎದ್ದೇ ಏಳ್ತಾರೆ."

"ಏಳ್ತಾಳೆ. ನಾನ್ ಕೂಗಿದ್ದೆ ಒಂದ್ಸಲ." ಅತ್ತೆ ಹೊಸ್ತಿಲ ಕಡೆ ಕೈ ತೋರಿಸಿದರು. "ಮಗ ಸಂಪಿಗೆ ಬಿತ್ತು ಅಂತ ಸುಳ್ ಹೇಳಿ ಕೂಗ್ದೆ. ಎದ್ಲು. ಎದ್ದು ಅಲ್ಲಿ ಬಿದ್ಲು. ಕೈ ಮುರೀತು. ಕೈ ಆಗ್ದೋಳಿಗೆ ನಾನೇ ಅನ್ನ ಕಲ್ಸಿ ತಿನ್ನಿಸ್ದೆ. ಒಂದಿನ ಬಾಯೇ ತೆಗೀಲಿಲ್ಲ ನನ್ ಕೂಸು, ನನ್ ಮುಖ ನೋಡ್ಕೊಂಡ್ ಕುಂತಿತ್ತು." ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಇನ್ನೊಂದ್ಸಲ ಕೂಗಲ್ಲ ನಾನು. ಕಾಪಿ ಕುಡ್ಕೊಂಡ್ ಹೋಗು."

ಮಧು ಕಾಫಿ ಕುಡಿದು ಹೋದ. ಅತ್ತೆ ಒದ್ದೆ ಟವಲ್ ತಂದು ನನ್ನ ಕತ್ತಿಗೆ ಹಾಕಿದರು. ಅದರ ಮೇಲೆ ಸ್ವಲ್ಪ ಹೊತ್ತು ಕೈಯಿಟ್ಟುಕೊಂಡು ನಿಂತಿದ್ದರು. ಕಾಯಿಲೆ ಬಂದ ಮೇಲೆ ಮೊದಲ ಸಲ ನಾನು ಜೋರಾಗಿ ಅತ್ತುಬಿಟ್ಟೆ.

ವಿಡಿಯೋ ಬಂತು. ನನ್ನ ಮುಖ, ಗಾಡಿಯ ಚಕ್ರ, ಬಾಗಿಲ ಮೇಲಿನ ದೇವರ ಪಟ, ಮತ್ತೆ ನನ್ನ ಮುಖ. ಮೇಲೆ ಒಂದು ಕೊಳಲು. ಅತ್ತೆ ಮೊಮ್ಮಗಳ ಕೈಯಿಂದ ಫೋನ್ ಇಸಕೊಂಡು ಕಣ್ಣಿಗೆ ಹತ್ತಿರ ಹಿಡಿದು ಕೊನೆಯವರೆಗೂ ನೋಡಿದರು. "ಅಷ್ಟೊತ್ತು ಮಾತಾಡ್ದೆಯಲ್ಲೇ, ಒಂದ್ ಮಾತೂ ಇಲ್ವಲ್ಲ ಇದ್ರಲ್ಲಿ?" ಅಂದರು. ಕೆಳಗೆ ಜನ ಪಾಪ ಎಂದು ಬರೆದಿದ್ದರು, ಕೈಮುಗಿದಿದ್ದರು. ನಡುವೆ ಒಬ್ಬರು, ಇವರು ಬೆಳಗ್ಗೆ ನಡೆಯುತ್ತಾರೆ, ನಾನೇ ನೋಡಿದ್ದೇನೆ, ಮೋಸ ಹೋಗಬೇಡಿ ಎಂದೂ ಬರೆದಿದ್ದರು. ಫೋನ್ ಪಕ್ಕಕ್ಕಿಟ್ಟೆ. ಅವತ್ತು ಹೇಳಿದ ಮಾತುಗಳು ಯಾರಿಗಾದರೂ ಮುಟ್ಟಲಿ ಎಂದೇ ಇಲ್ಲಿ ಬರೆದಿದ್ದೇನೆ.

ಅತ್ತೆ ಸೀರಿಯಲ್ಲು ಬಿಟ್ಟಿಲ್ಲ. ನಾನೂ ಪಕ್ಕದಲ್ಲಿ ಗಾಡಿಯಲ್ಲಿ ಕುಳಿತು ಸೊಪ್ಪು ಸೋಸುತ್ತಾ ನೋಡುತ್ತೇನೆ. ಮೊನ್ನೆ ಹೊಸದೊಂದರಲ್ಲಿ ಇನ್ನೊಬ್ಬಳು ಸೊಸೆ, ಇನ್ನೊಂದು ಗಾಡಿ. ಗಂಡನ ಮೇಲೆ ಯಾರೋ ಮಚ್ಚು ಎತ್ತಿದರು. ಅವಳು ಗಾಡಿಯ ಹಿಡಿಕೆ ಒತ್ತಿ ಹಿಡಿದು ಏಳತೊಡಗಿದಳು. ಡೋಲು, ಗಾಳಿ, ಹಾರುವ ಕೂದಲು. ನಾನು ಸೊಪ್ಪು ಬಿಟ್ಟು ಅತ್ತೆಯ ಕೈಯನ್ನೇ ನೋಡುತ್ತಿದ್ದೆ, ಕೈಮುಗಿಯುತ್ತಾರಾ ಎಂದು.

ಅತ್ತೆ ಬಾಯಿಗೆ ಒಂದು ಅಡಿಕೆ ಹಾಕಿಕೊಂಡರು.

"ಬೆಳಗಿನ್ ಹೊತ್ತಿರ್ಬೇಕು ಕಣೇ ಅಲ್ಲಿ" ಅಂದರು. "ಬಿಸ್ಲು ಏರ್ಲಿ, ಕುಂತ್ಕೋತಾಳೆ ಬಿಡು."